ಲೇಖನವನ್ನು ಅಣಿಗೊಳಿಸುವ ಕ್ರಮ

ಸದ್ಭಕ್ತರೇ, ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿ ಈಗ ನಾಡಿನ ನಾನಾ ಭಾಗಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳೇ,

ನಿಮ್ಮಲ್ಲಿ ಬರೆಯುವ ಹವ್ಯಾಸವುಳ್ಳವರು ಅನೇಕರಿದ್ದೀರಿ. ತಮ್ಮ ಊರಿನ ಮಠದ ಇತಿಹಾಸವನ್ನು ಬರೆಯುವವರು, ವಚನಗಳಿಗೆ ವಿವರಣೆ ಬರೆಯುವವರು, ಅಗಲಿದ ಹಿರಿಯರನ್ನು ನೆನೆದು ನುಡಿನಮನ ಸಲ್ಲಿಸುವವರು, ಹೀಗೆ ಪ್ರತಿ ತಿಂಗಳೂ ನಮ್ಮ ಕೈಸೇರುವ ಬರಹಗಳು ಕಡಿಮೆಯಲ್ಲ. ಅವುಗಳಲ್ಲಿ ವಿಷಯದ ಕೊರತೆ ಇರುವುದು ಅಪರೂಪ. ಆದರೆ ಆ ವಿಷಯವನ್ನು ಓದುಗನ ಮುಂದಿರಿಸುವ ಕ್ರಮದ ಬಗೆಗೆ ನಮ್ಮಲ್ಲಿ ಒಂದು ಬಗೆಯ ಉದಾಸೀನತೆ ಬೆಳೆದುಬಂದಿದೆ. ಶೀರ್ಷಿಕೆ, ಪರಿಚ್ಛೇದ, ಉಪಶೀರ್ಷಿಕೆ, ಹೆಸರು ಮತ್ತು ತೇದಿಗಳ ಖಚಿತತೆ ಇವೆಲ್ಲ ಅಚ್ಚುಕೂಟದವರ ಕೆಲಸವೆಂದೂ ಲೇಖಕನಿಗೆ ಭಾವವೊಂದಿದ್ದರೆ ಸಾಕೆಂದೂ ಹಲವರ ನಂಬಿಕೆ. ಈ ನಂಬಿಕೆ ಸರಿಯಲ್ಲವೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಬರಹವು ಓದುವವನಿಗೆ ಸುಗಮವಾಗಿರಬೇಕು, ಮುಂದೆಂದೋ ಅದನ್ನು ಅರಸಿ ಬರುವವನಿಗೆ ಸಿಗುವಂತಿರಬೇಕು. ಇವೆರಡೂ ಬರೆಯುವವನ ಹೊಣೆ. ನಾವು ಇದನ್ನು ದಾಸೋಹದ ಒಂದು ಅಂಗವೆಂದೇ ಭಾವಿಸುತ್ತೇವೆ.

ದಾಸೋಹವೆಂದೊಡನೆ ನಿಮಗೆ ಪಂಕ್ತಿಯ ನೆನಪಾಗುವುದು ಸಹಜ. ಎಲೆಯ ಮೇಲೆ ಬಡಿಸುವುದಕ್ಕೂ ಒಂದು ಕ್ರಮವುಂಟು. ಉಪ್ಪಿಗೆ ಒಂದು ಮೂಲೆ, ಪಲ್ಯಕ್ಕೆ ಒಂದು ಸ್ಥಳ, ಅನ್ನಕ್ಕೆ ನಡುವಣ ಜಾಗ. ಪದಾರ್ಥಗಳೆಲ್ಲವೂ ರುಚಿಯಾಗಿವೆಯೆಂದು ಅವನ್ನು ಒಂದೇ ರಾಶಿಯಾಗಿ ಸುರಿದರೆ ಹಸಿದವನೂ ಕೈಹಿಂದೆಗೆಯುತ್ತಾನೆ. ಬರಹದ ವಿಷಯದಲ್ಲಿಯೂ ಹೀಗೆಯೇ.

ಪೂರ್ವಿಕರ ಪದ್ಧತಿ

ಇದು ಈಚಿನವರು ಕಂಡುಹಿಡಿದ ನೀತಿಯೆಂದು ತಿಳಿಯಬೇಡಿ. ಶಾಸ್ತ್ರಗ್ರಂಥವನ್ನು ಆರಂಭಿಸುವವನು ನಾಲ್ಕು ಸಂಗತಿಗಳನ್ನು ಮೊದಲಿಗೇ ತಿಳಿಸಬೇಕೆಂಬುದು ನಮ್ಮ ಪರಂಪರೆಯ ನಿಯಮ. ವಿಷಯವೇನು, ಪ್ರಯೋಜನವೇನು, ಇದನ್ನು ಓದಲು ಅಧಿಕಾರಿ ಯಾರು, ಇವುಗಳಿಗೆ ಪರಸ್ಪರ ಸಂಬಂಧವೇನು ಎಂಬ ಈ ನಾಲ್ಕಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ಮೊದಲ ಪುಟದಲ್ಲಿಯೇ ಇವು ತಿಳಿದರೆ ಬೇಕಾದವನು ಮುಂದೆ ಓದುತ್ತಾನೆ. ಬೇಡವಾದವನು ತನ್ನ ಕಾಲವನ್ನು ಉಳಿಸಿಕೊಳ್ಳುತ್ತಾನೆ. ಮೀಮಾಂಸಕರು ಒಂದೊಂದು ಅಧಿಕರಣವನ್ನೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗಗಳಾಗಿ ಬೇರ್ಪಡಿಸಿದುದು ಕೂಡ ಓದುಗನು ತಾನೆಲ್ಲಿದ್ದೇನೆಂಬುದನ್ನು ಮರೆಯದಿರಲೆಂದೇ.

ನಮ್ಮ ‘ಸಿದ್ಧಾಂತ ಶಿಖಾಮಣಿ’ಯನ್ನೇ ತೆಗೆದುಕೊಳ್ಳಿ. ೨೧ ಪರಿಚ್ಛೇದಗಳು, ೧೦೧ ಸ್ಥಲಗಳು. ಅವುಗಳಲ್ಲಿ ೪೪ ಅಂಗಸ್ಥಲಗಳು, ೫೭ ಲಿಂಗಸ್ಥಲಗಳು. ಒಂದೊಂದು ಸ್ಥಲಕ್ಕೂ ಅದರದೇ ಹೆಸರು. ಇಂದಿನವರು ಉಪಶೀರ್ಷಿಕೆಯೆಂದು ಕರೆಯುವ ಸಾಧನದ ಪ್ರಯೋಜನವು ಇಲ್ಲಿ ಪೂರ್ಣವಾಗಿ ಸಿದ್ಧಿಸಿದೆ. ಯಾವ ವಿಚಾರ ಎಲ್ಲಿದೆಯೆಂಬುದನ್ನು ಬಲ್ಲ ವಿದ್ಯಾರ್ಥಿ ಇಡೀ ಗ್ರಂಥವನ್ನು ತಿರುವಿಹಾಕುವ ಅಗತ್ಯವಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಕಾತ್ಯಾಯನರ ‘ಸರ್ವಾನುಕ್ರಮಣಿ’ಯು ಋಗ್ವೇದದ ಪ್ರತಿಯೊಂದು ಸೂಕ್ತದ ಮೊದಲ ಪದ, ಋಕ್ಕುಗಳ ಸಂಖ್ಯೆ, ಋಷಿ, ದೇವತೆ, ಛಂದಸ್ಸು ಇವುಗಳನ್ನು ಕ್ರಮವಾಗಿ ಹೇಳುತ್ತದೆ. ಹುಡುಕುವವನಿಗಾಗಿಯೇ ಸಿದ್ಧಪಡಿಸಿದ ಗ್ರಂಥವದು.

ನಮ್ಮ ನಾಡಿನ ದಾನಶಾಸನಗಳನ್ನು ನೋಡಿ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಆಳುತ್ತಿದ್ದ ಅರಸು, ದಾನಿ, ದಾನ ಪಡೆದವರು, ಭೂಮಿಯ ಮೇರೆ, ಕೊನೆಗೆ ಶಾಪಾಶಯ. ಸಂವತ್ಸರದ ಹೆಸರು ಅರುವತ್ತು ವರ್ಷಗಳಿಗೊಮ್ಮೆ ಮರಳಿ ಬರುತ್ತದೆಯಾದ್ದರಿಂದ ಅದೊಂದನ್ನೇ ನೆಚ್ಚದೆ ಶಕವರ್ಷವನ್ನೂ ಸೇರಿಸಿ ಕೆತ್ತಿಸಿದ ಶಾಸನಗಳೇ ಇಂದು ಸಂಶೋಧಕನಿಗೆ ಹೆಚ್ಚು ಉಪಕಾರ ಮಾಡುತ್ತವೆ. ಕಲ್ಲು ಕೆತ್ತಿಸಿದವನಿಗೆ ಎಂಟುನೂರು ವರ್ಷಗಳ ಅನಂತರದ ಓದುಗನ ಪರಿಚಯವಿರಲಿಲ್ಲ. ಆದರೂ ಅವನು ಆ ಅಪರಿಚಿತನಿಗೆ ಬೇಕಾದುದನ್ನೆಲ್ಲ ಕೊಟ್ಟುಹೋದನು.

ವಚನಗಳು ನಮ್ಮ ಕೈಸೇರಿದ ಬಗೆ

ಪಾಠಶಾಲೆಯಲ್ಲಿ ನಾವು ಶಾಸ್ತ್ರದ ಕ್ರಮವನ್ನು ಕಲಿತೆವು. ವಿಶ್ವವಿದ್ಯಾಲಯದಲ್ಲಿ ಗ್ರಂಥಸಂಪಾದನೆಯನ್ನು ಅಭ್ಯಾಸಮಾಡುವಾಗ ಕ್ರಮವಿಲ್ಲದ ಕಷ್ಟವನ್ನೂ ಕಂಡೆವು. ಓಲೆಗರಿಯ ಪ್ರತಿಗಳಲ್ಲಿ ಪದಗಳ ನಡುವೆ ಅಂತರವಿರುವುದಿಲ್ಲ. ಅಕ್ಷರದ ಪಕ್ಕದಲ್ಲಿ ಅಕ್ಷರ, ಗರಿ ಮುಗಿಯುವವರೆಗೆ ಒಂದೇ ಓಟ. ಎಕಾರ ಏಕಾರಗಳ, ಒಕಾರ ಓಕಾರಗಳ ಭೇದ ಅನೇಕ ಪ್ರತಿಗಳಲ್ಲಿ ಕಾಣುವುದಿಲ್ಲ. ಒಂದು ಸಣ್ಣ ಉದಾಹರಣೆಯನ್ನು ನಾವೇ ಕಲ್ಪಿಸಿ ಹೇಳುವುದಾದರೆ, ‘ನಾನಾರುಚಿ’ ಎಂದು ಒಟ್ಟಾಗಿ ಬರೆದುದನ್ನು ‘ಹಲವು ಬಗೆಯ ರುಚಿ’ ಎಂದು ತಿಳಿಯಬಹುದು. ‘ನಾನು ಆ ರುಚಿ’ ಎಂದೂ ತಿಳಿಯಬಹುದು. ಮೊದಲನೆಯದು ಭೋಜನದ ಮಾತು, ಎರಡನೆಯದು ಅನುಭಾವದ ಮಾತು! ಇಂದು ನೀವು ಮುದ್ರಿತ ಪುಸ್ತಕದಲ್ಲಿ ಕಾಣುವ ವಚನದ ಸಾಲುಗಳ ವಿಂಗಡಣೆ, ಪದವಿಭಾಗ, ಅಲ್ಪವಿರಾಮ, ಪೂರ್ಣವಿರಾಮ ಇವೆಲ್ಲ ಸಂಪಾದಕರು ಕಣ್ಣು ಸವೆಸಿ ನಮಗಾಗಿ ಮಾಡಿಕೊಟ್ಟ ಉಪಕಾರ.

ವಚನಗಳಿಗೆ ಶೀರ್ಷಿಕೆಯಿಲ್ಲ. ಹಾಗಿದ್ದರೂ ಸಾವಿರಾರು ವಚನಗಳ ನಡುವೆ ಇದು ಬಸವಣ್ಣನವರದು, ಇದು ಅಲ್ಲಮಪ್ರಭುಗಳದು, ಇದು ಅಕ್ಕಮಹಾದೇವಿಯವರದು ಎಂದು ಗುರುತಿಸಲು ಮುಖ್ಯವಾಗಿ ನೆರವಾದುದು ಅಂಕಿತ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಈ ಅಂಕಿತಗಳು ಭಕ್ತಿಯ ಉದ್ಗಾರಗಳಾಗಿರುವಂತೆಯೇ ಗುರುತುಗಳೂ ಆಗಿವೆ. ಹದಿನೈದನೆಯ ಶತಮಾನದಲ್ಲಿ ವಿರಕ್ತರು ವಚನಗಳನ್ನು ಸಂಗ್ರಹಿಸಿ ಷಟ್‌ಸ್ಥಲದ ಕ್ರಮದಲ್ಲಿ ಜೋಡಿಸಿದರು. ಅದೇ ಕಾಲದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಬಿಡಿಬಿಡಿಯಾಗಿದ್ದ ವಚನಗಳನ್ನು ಸಂವಾದರೂಪಕ್ಕೆ ತಂದು, ನಡುನಡುವೆ ಗದ್ಯದ ಕೊಂಡಿಗಳನ್ನಿರಿಸಿ ‘ಶೂನ್ಯಸಂಪಾದನೆ’ಯನ್ನು ಕಟ್ಟಿದರು. ಒಂದೂ ಹೊಸ ವಚನವನ್ನು ಬರೆಯದಿದ್ದರೂ ಕೇವಲ ಜೋಡಣೆಯಿಂದ ಒಂದು ಮಹಾಗ್ರಂಥ ಹುಟ್ಟಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಮುದ್ರಣದ ಕಾಲದಲ್ಲಿ ಈ ಹೊಣೆಯನ್ನು ಹೊತ್ತವರು ವಿಜಯಪುರದ, ಅಂದಿನ ವಿಜಾಪುರದ, ವಕೀಲರಾಗಿದ್ದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ೧೯೨೩ರಲ್ಲಿ ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು. ಅದರಲ್ಲಿ ಅವರು ವಚನಗಳನ್ನು ವಿಷಯಾನುಸಾರವಾಗಿ ವಿಂಗಡಿಸಿ ಕೊಟ್ಟರು. ೧೯೨೫ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಮುಂದೆ ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ೧೯೯೩ರಲ್ಲಿ ‘ಸಮಗ್ರ ವಚನ ಸಂಪುಟ’ದ ೧೫ ಸಂಪುಟಗಳು ಸರಕಾರದ ಮೂಲಕ ಪ್ರಕಟವಾದವು. ವಚನದ ಆರಂಭದ ಪದ ತಿಳಿದಿದ್ದರೆ ಅಕಾರಾದಿಯಿಂದ ಅದನ್ನು ಹುಡುಕಬಹುದಾಯಿತು. ಭಕ್ತರ ನೆನಪಿನಲ್ಲಿ ಉಳಿಯುವುದು ಎಷ್ಟೋ ವೇಳೆ ವಚನದ ನಡುವಣ ಒಂದು ಮಾತು ಮಾತ್ರ. ಈಗ ಗಣಕಯಂತ್ರದಲ್ಲಿ ವಚನಗಳು ಅಳವಟ್ಟಿರುವುದರಿಂದ ಆ ಒಂದು ಮಾತಿನಿಂದಲೇ ಪೂರ್ಣ ವಚನವನ್ನು ಪಡೆಯಬಹುದು. ಎಂಟು ಶತಮಾನಗಳ ಈ ಪರಿಶ್ರಮದ ಫಲವನ್ನು ಉಣ್ಣುತ್ತಿರುವ ನಾವು ನಮ್ಮ ಬರಹಗಳನ್ನು ಅಸ್ತವ್ಯಸ್ತವಾಗಿ ಬಿಟ್ಟುಹೋಗುವುದು ಉಚಿತವೇ?

ಸಿಗದೆ ಹೋಗುತ್ತಿದ್ದ ಒಂದು ಬರಹ

ಕೆಲವು ವರ್ಷಗಳ ಹಿಂದೆ ಒಂದು ಕುಟುಂಬದವರು ಶ್ರೀಮಠಕ್ಕೆ ಬಂದಿದ್ದರು. ಅವರ ಮುತ್ತಜ್ಜನವರು ಬರಗಾಲದ ಒಂದು ವರ್ಷ ತಮ್ಮ ಕಣಜವನ್ನೇ ತೆರೆದು ಒಂದು ಪ್ರಸಾದನಿಲಯದ ಮಕ್ಕಳಿಗೆ ಜೋಳ ಒದಗಿಸಿದ್ದರಂತೆ. ಆ ವಿಷಯ ಹಳೆಯದೊಂದು ಪತ್ರಿಕೆಯಲ್ಲಿ ಅಚ್ಚಾಗಿತ್ತೆಂದು ಮನೆಯ ಹಿರಿಯ ತಾಯಿಗೆ ನೆನಪು. ತಾವು ಕಣ್ಮುಚ್ಚುವ ಮೊದಲು ಅದನ್ನೊಮ್ಮೆ ಓದಿಸಿ ಕೇಳಬೇಕೆಂಬುದು ಆ ತಾಯಿಯ ಹಂಬಲ. ಅವರ ಮೊಮ್ಮಗ ಎರಡು ದಿನ ಹಳೆಯ ಸಂಚಿಕೆಗಳನ್ನು ತಿರುವಿಹಾಕಿದನು. ಮುತ್ತಜ್ಜನವರ ಹೆಸರು ಯಾವ ವಿಷಯಸೂಚಿಯಲ್ಲಿಯೂ ಸಿಗಲಿಲ್ಲ.

ಮೂರನೆಯ ದಿನ ಒಬ್ಬ ವೃದ್ಧ ಶಿಕ್ಷಕರು ನೆನಪುಮಾಡಿಕೊಂಡು ಆ ಲೇಖನವನ್ನು ತೋರಿಸಿದರು. ಅದರ ಶೀರ್ಷಿಕೆ ‘ಒಂದು ಸವಿನೆನಪು’. ಆರಂಭದ ಒಂದೂವರೆ ಪುಟದಲ್ಲಿ ಬಾಲ್ಯದ ವರ್ಣನೆ. ನಡುವೆ ಒಂದೇ ಉದ್ದನೆಯ ಪರಿಚ್ಛೇದದೊಳಗೆ ‘ನಮ್ಮೂರ ಗೌಡರು’ ಎಂಬ ಉಲ್ಲೇಖ. ಊರಿನ ಹೆಸರಿಲ್ಲ, ವರ್ಷವಿಲ್ಲ. ಗೌಡರ ಹೆಸರು ಬರುವುದು ಕೊನೆಯ ವಾಕ್ಯದಲ್ಲಿ, ಅದೂ ಒಂದೇ ಸಲ. ಲೇಖಕರ ಕೃತಜ್ಞತೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ ಆ ಕೃತಜ್ಞತೆ ಸಲ್ಲಬೇಕಾದವರಿಗೆ ಸಲ್ಲುವಂತೆ ಅದಕ್ಕೊಂದು ವಿಳಾಸ ಬರೆದಿರಲಿಲ್ಲ. ವೃದ್ಧ ಶಿಕ್ಷಕರ ನೆನಪೊಂದು ಇಲ್ಲದಿದ್ದರೆ ಆ ತಾಯಿಯ ಆಸೆ ಈಡೇರುತ್ತಿರಲಿಲ್ಲ. ಮನುಷ್ಯರ ನೆನಪನ್ನು ನಾವು ಎಷ್ಟು ಕಾಲ ನೆಚ್ಚಬಹುದು?

‘ಮರೆಯಲಾಗದ ದಿನಗಳು’, ‘ನಡೆದುಬಂದ ದಾರಿ’, ‘ಧನ್ಯೋಸ್ಮಿ’ ಎಂಬ ಶೀರ್ಷಿಕೆಗಳ ಅಡಿಯಲ್ಲಿ ಹೀಗೆ ಹುದುಗಿಹೋದ ಪುಣ್ಯಪುರುಷರು ಎಷ್ಟು ಮಂದಿಯೋ!

ಬರೆಯುವವರು ಗಮನಿಸಬೇಕಾದ ಅಂಶಗಳು

ಶೀರ್ಷಿಕೆಯು ಒಳಗಿರುವುದನ್ನು ಹೇಳಬೇಕು. ವ್ಯಕ್ತಿಯನ್ನು ಕುರಿತ ಲೇಖನವಾದರೆ ವ್ಯಕ್ತಿಯ ಹೆಸರು, ಸ್ಥಳವನ್ನು ಕುರಿತುದಾದರೆ ಸ್ಥಳದ ಹೆಸರು ಶೀರ್ಷಿಕೆಯಲ್ಲಿರಲಿ. ಕಾವ್ಯಮಯವಾದ ಮಾತು ಬೇಕೆನಿಸಿದರೆ ಅದು ಹೆಸರಿನ ಜೊತೆಗಿರಲಿ, ಹೆಸರಿನ ಬದಲಾಗಿ ಬೇಡ. ಮೊದಲ ಪರಿಚ್ಛೇದದಲ್ಲಿಯೇ ಯಾರು, ಎಲ್ಲಿ, ಯಾವಾಗ, ಏನು ಎಂಬುದು ತಿಳಿಯಬೇಕು.

ಹೆಸರುಗಳನ್ನು ಒಮ್ಮೆಯಾದರೂ ಪೂರ್ಣವಾಗಿ ಬರೆಯಿರಿ. ನಮ್ಮ ಮಠಗಳ ಪರಂಪರೆಯಲ್ಲಿ ಒಂದೇ ಹೆಸರಿನ ಗುರುಗಳು ತಲೆಮಾರು ತಲೆಮಾರಿಗೆ ಬರುವುದು ವಾಡಿಕೆ. ‘ಹಿರಿಯ ಶ್ರೀಗಳು’, ‘ಲಿಂಗೈಕ್ಯ ಪೂಜ್ಯರು’ ಎಂದಷ್ಟೇ ಬರೆದರೆ ಇಂದಿನ ಭಕ್ತನಿಗೆ ತಿಳಿಯುತ್ತದೆ. ಮೂವತ್ತು ವರ್ಷಗಳ ಅನಂತರ ಓದುವವನಿಗೆ ಯಾವ ಹಿರಿಯರು, ಯಾವ ಪೂಜ್ಯರು? ಪೀಠದ ಹೆಸರು ಮತ್ತು ಅಧಿಕಾರದ ಅವಧಿಯನ್ನು ಸೇರಿಸಿದರೆ ಸಂದೇಹ ಅಳಿಯುತ್ತದೆ. ‘ಕಳೆದ ಶ್ರಾವಣದಲ್ಲಿ’ ಎಂಬುದರ ಜೊತೆಗೆ ಇಸವಿಯೂ ಇರಲಿ. ಊರಿನ ಹೆಸರು ಬದಲಾಗಿದ್ದರೆ ಎರಡನ್ನೂ ಒಮ್ಮೆ ಹೇಳಿ. ೨೦೧೪ರಲ್ಲಿ ಗುಲಬರ್ಗವು ಅಧಿಕೃತವಾಗಿ ಕಲಬುರಗಿಯಾಯಿತು, ಆದರೆ ಹಳೆಯ ದಾಖಲೆಗಳಲ್ಲಿ ಹಳೆಯ ಹೆಸರೇ ಇದೆ. ‘ಚೆನ್ನಬಸವಣ್ಣ’ ಎಂದು ಒಂದು ಕಡೆ, ‘ಚನ್ನಬಸವಣ್ಣ’ ಎಂದು ಇನ್ನೊಂದು ಕಡೆ ಬರೆದರೆ ಮನುಷ್ಯನು ಹೊಂದಿಸಿಕೊಳ್ಳುತ್ತಾನೆ. ಯಂತ್ರವು ಅವರಿಬ್ಬರನ್ನು ಬೇರೆ ಬೇರೆಯೆಂದು ಎಣಿಸಬಹುದು. ಒಂದು ಲೇಖನದಲ್ಲಿ ಒಂದೇ ರೂಪವನ್ನು ಉಳಿಸಿಕೊಳ್ಳಿ.

ಒಂದು ಪರಿಚ್ಛೇದದಲ್ಲಿ ಒಂದೇ ವಿಚಾರವಿರಲಿ. ಇಂದು ಅನೇಕರು ಅಂಗೈಯಗಲದ ದೂರವಾಣಿಯ ಮೇಲೆಯೇ ಓದುತ್ತಾರೆ. ಅಚ್ಚಿನ ಪುಟದಲ್ಲಿ ಹತ್ತು ಸಾಲಾಗಿ ಕಾಣುವುದು ಅಲ್ಲಿ ಇಪ್ಪತ್ತೈದು ಸಾಲಾಗಿ ಬೆಳೆದು ಪರದೆಯನ್ನೆಲ್ಲ ತುಂಬುತ್ತದೆ. ಕಣ್ಣಿಗೆ ತಂಗುದಾಣವೇ ಇರುವುದಿಲ್ಲ. ದೀರ್ಘ ಲೇಖನಕ್ಕೆ ಉಪಶೀರ್ಷಿಕೆಗಳು ಬೇಕು. ಅವನ್ನು ಸುಮ್ಮನೆ ದಪ್ಪಕ್ಷರದಲ್ಲಿ ಬರೆದರೆ ಸಾಲದು. ಗಣಕಯಂತ್ರದಲ್ಲಿ ‘ಇದು ಶೀರ್ಷಿಕೆ’ ಎಂದು ಗುರುತುಮಾಡುವ ಅನುಕೂಲವಿರುತ್ತದೆ, ಅದನ್ನು ಬಳಸಿರಿ. ಇದಕ್ಕೆ ಬಲವಾದ ಕಾರಣವಿದೆ. ದೃಷ್ಟಿಯಿಲ್ಲದವರಿಗೆ ಬರಹವನ್ನು ಓದಿ ಹೇಳುವ ತಂತ್ರಾಂಶಗಳು ಇಂತಹ ಗುರುತುಗಳ ಮೂಲಕವೇ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ದಾಟಿಸುತ್ತವೆ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬಲ್ಲ ನಮಗೆ, ಅಂಧರಾಗಿದ್ದೂ ಮೂರು ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದ ಪುಟ್ಟರಾಜ ಗವಾಯಿಗಳನ್ನು (೧೯೧೪–೨೦೧೦) ಕಂಡ ನಮಗೆ, ಅಂತಹ ಓದುಗರನ್ನು ಮರೆಯುವ ಅಧಿಕಾರವಿಲ್ಲ.

ವಚನವನ್ನು ಉದ್ಧರಿಸುವಾಗ ಅದನ್ನು ಪ್ರತ್ಯೇಕವಾಗಿ ಬರೆಯಿರಿ. ವಚನಕಾರರ ಹೆಸರು, ಯಾವ ಸಂಪುಟ, ಎಷ್ಟನೆಯ ವಚನ ಎಂಬುದನ್ನು ಕೊಡಿ. ಬಹುಮುಖ್ಯವಾಗಿ, ಅಂಕಿತವನ್ನು ಕತ್ತರಿಸಬೇಡಿ. ಸ್ಥಳ ಸಾಲದೆಂದು ಕೊನೆಯ ಸಾಲನ್ನು ಕೈಬಿಟ್ಟು ಹಂಚಿದ ವಚನವು ತಂದೆತಾಯಿಯ ಹೆಸರನ್ನು ಕಳೆದುಕೊಂಡ ಕೂಸಿನಂತೆ. ಅದು ಹತ್ತು ಕೈ ದಾಟುವಷ್ಟರಲ್ಲಿ ಬೇರೊಬ್ಬರ ಹೆಸರಿನಲ್ಲಿ ನಿಂತಿರುತ್ತದೆ. ಹೂವಿನ ಚಿತ್ರದ ಮೇಲೆ ವಚನವನ್ನು ಬರೆದು ಕಳುಹಿಸುವುದು ಈಗಿನ ರೂಢಿ. ಕಣ್ಣಿಗೆ ಅಂದವೇನೋ ಸರಿ; ಚಿತ್ರದೊಳಗೆ ಸೇರಿಹೋದ ಅಕ್ಷರವು ಹುಡುಕುವವನಿಗೆ ಸುಲಭವಾಗಿ ಸಿಗುವುದಿಲ್ಲ. ಚಿತ್ರದ ಜೊತೆಗೆ ಬರಹವನ್ನೂ ಪ್ರತ್ಯೇಕವಾಗಿ ಕೊಡಿ.

ಅಕ್ಷರಜೋಡಣೆಯ ಬಗ್ಗೆ ಒಂದು ಮಾತು. ಹಿಂದಿನ ತಂತ್ರಾಂಶಗಳಲ್ಲಿ ಕನ್ನಡದ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕೂರಿಸಿರುತ್ತಿದ್ದರು. ಒಂದರಲ್ಲಿ ಸಿದ್ಧಪಡಿಸಿದುದು ಇನ್ನೊಂದರಲ್ಲಿ ಅರ್ಥವಿಲ್ಲದ ಗೀಚಾಗಿ ಕಾಣುತ್ತಿತ್ತು. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡದ ಅಕ್ಷರಗಳಿಗೆ ಅವುಗಳದೇ ಆದ ಸ್ಥಾನ ದೊರೆತಿದೆ. ನಿಮ್ಮಲ್ಲಿ ಹಳೆಯ ರೀತಿಯ ಕಡತಗಳಿದ್ದರೆ ಅವನ್ನು ಬೇಗನೆ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಇಲ್ಲವಾದರೆ ಅವು ಒಡೆಯನಿಗೂ ಓದಲಾಗದ ಓಲೆಗರಿಗಳಾಗುತ್ತವೆ. ಇನ್ನೊಂದು ಸೂಕ್ಷ್ಮ: ಸೊನ್ನೆಯ ಅಂಕೆಯೂ ಅನುಸ್ವಾರವೂ ನೋಡಲು ಒಂದೇ. ‘ಲಿಂಗ’ ಎಂಬಲ್ಲಿ ಅನುಸ್ವಾರದ ಬದಲು ಸೊನ್ನೆಯನ್ನು ಒತ್ತಿದರೆ ಓದುವ ಕಣ್ಣಿಗೆ ವ್ಯತ್ಯಾಸ ತಿಳಿಯದು. ಆದರೆ ಆ ಲಿಂಗವು ಹುಡುಕಿದವನಿಗೆ ಸಿಗದು.

ಮಿತಿಯನ್ನು ಅರಿಯಬೇಕು

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಕೊಡಬೇಕು. ಕ್ರಮವು ಅತಿಯಾದರೆ ಅದೂ ಒಂದು ದೋಷ. ಪ್ರತಿ ವಾಕ್ಯವನ್ನೂ ಒಂದೊಂದು ಪರಿಚ್ಛೇದ ಮಾಡಿದರೆ ವಿಚಾರದ ಹರಿವು ಕಡಿದುಹೋಗುತ್ತದೆ. ಎಲ್ಲ ಮಾತನ್ನೂ ದಪ್ಪಕ್ಷರದಲ್ಲಿ ಬರೆದರೆ ಯಾವ ಮಾತಿಗೂ ಒತ್ತು ದೊರೆಯುವುದಿಲ್ಲ.

ಇದಕ್ಕಿಂತ ದೊಡ್ಡ ದೋಷವೊಂದಿದೆ. ಯಂತ್ರವು ಹುಡುಕುವುದು ಪದಗಳ ಮೂಲಕವೆಂದು ತಿಳಿದ ಕೆಲವರು, ಜನ ಹೆಚ್ಚಾಗಿ ಹುಡುಕುವ ಪದಗಳನ್ನು ಬೇಕಿದ್ದರೂ ಬೇಡದಿದ್ದರೂ ಬರಹದಲ್ಲಿ ತುರುಕುತ್ತಾರೆ. ಒಳಗಿಲ್ಲದ ರಹಸ್ಯವನ್ನು ಶೀರ್ಷಿಕೆಯಲ್ಲಿ ಸಾರುತ್ತಾರೆ. ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸುವ ಲಿಂಗಗಳಲ್ಲಿ ‘ಅಭ್ಯಾಸ’, ಎಂದರೆ ಒಂದೇ ಅರ್ಥವನ್ನು ಮತ್ತೆ ಮತ್ತೆ ಹೇಳುವುದು, ಒಂದೆಂದು ಮೀಮಾಂಸಕರು ಒಪ್ಪಿದ್ದಾರೆ. ಆದರೆ ಅಲ್ಲಿ ಪುನರುಕ್ತಿಯು ತಾತ್ಪರ್ಯದಿಂದ ಹುಟ್ಟಿದುದು. ಇಲ್ಲಿ ತಾತ್ಪರ್ಯವೇ ಇಲ್ಲದೆ ಪುನರುಕ್ತಿ ಮಾತ್ರ ಉಳಿದಿದೆ. ಹಾಲೆಂದು ಫಲಕ ತೂಗುಹಾಕಿ ಒಳಗೆ ನೀರು ಮಾರುವುದು ವ್ಯಾಪಾರವೂ ಅಲ್ಲ, ಕಾಯಕವಂತೂ ಮೊದಲೇ ಅಲ್ಲ. ಬಾಗಿಲು ಕಾಣುವಂತಿರಬೇಕೆಂಬುದು ನಿಜ. ಬಾಗಿಲು ತೆರೆದವನಿಗೆ ಒಳಗೆ ಮನೆಯಿರಬೇಕೆಂಬುದು ಅದಕ್ಕಿಂತ ಮೊದಲಿನ ನಿಯಮ.

ಆದುದರಿಂದ ಬರೆದು ಮುಗಿಸಿದ ಮೇಲೆ ನಿಮ್ಮನ್ನು ನೀವೇ ಮೂರು ಪ್ರಶ್ನೆ ಕೇಳಿಕೊಳ್ಳಿ. ನನ್ನನ್ನು ಅರಿಯದವನು ಇದನ್ನು ಹುಡುಕಿ ಪಡೆಯಬಲ್ಲನೇ? ಪಡೆದವನು ಆಯಾಸವಿಲ್ಲದೆ ಓದಬಲ್ಲನೇ? ಓದಿದವನಿಗೆ ಶೀರ್ಷಿಕೆಯು ಮಾಡಿದ ವಾಗ್ದಾನ ಸಂದಿದೆಯೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ನಿಮ್ಮ ಬರಹ ಸಿದ್ಧವಾಯಿತೆಂದು ತಿಳಿಯಿರಿ.

ಪ್ರತಿ ಊರಿನಲ್ಲಿಯೂ ದಾಸೋಹಕ್ಕೆ ಭೂಮಿ ಕೊಟ್ಟವರು, ಶಾಲೆ ಕಟ್ಟಿಸಿದವರು, ವಚನಗಳನ್ನು ಬಾಯಿಪಾಠವಾಗಿ ಕಾಪಾಡಿಕೊಂಡು ಬಂದ ತಾಯಂದಿರು ಇದ್ದಾರೆ. ಅವರನ್ನು ಕುರಿತು ಬರೆಯಿರಿ. ಬರೆಯುವಾಗ ಅವರ ಹೆಸರನ್ನು ಶೀರ್ಷಿಕೆಯಲ್ಲಿಯೇ ಇರಿಸಿರಿ. ಗುರುಕರುಣೆಯು ನಿಮ್ಮ ಲೇಖನಿಗೆ ಬಲವನ್ನೂ ನಿಮ್ಮ ಮಾತಿಗೆ ಸತ್ಯವನ್ನೂ ಅನುಗ್ರಹಿಸಲೆಂದು ಹಾರೈಸುತ್ತೇವೆ.